ಗುಲಾಬಿ ಪದಕ ಮನೆಗೆ ತಂದ ದಿನ

ಯಾರಾದರೂ ವಿಚಿತ್ರ ಅನುಭವ ಹೇಳಲು ಶುರುಮಾಡಿದರೆ, ‘ಹಿಂದಿನ ದಿನ ನಿದ್ದಿ ಸರಿಯಾಗಿತ್ತೇನ್ರಿ?’ ಎಂದು ನಡುವೆಯೇ ಕೇಳಿಬಿಡುವ ಮನುಷ್ಯ ನಾನು. ಈಗ ನನ್ನನ್ನೇ ಯಾರಾದರೂ ಹಾಗೆ ಕೇಳಿದರೆ ಏನು ಹೇಳಲಿ? ನಿದ್ದೆ ಚೆನ್ನಾಗಿಯೇ ಆಗಿತ್ತು. ನಡೆದದ್ದು ಹಾಡಹಗಲಲ್ಲಿ.

ನಾನು ಗದಗಿನವನು. ಬ್ಯಾಂಕಿನ ವರ್ಗಾವಣೆಯಿಂದ ನಾಸಿಕಕ್ಕೆ ಬಂದು ಆಗ ಎರಡು ವರ್ಷವಾಗಿತ್ತು. ಸಾಮ್ರಾಜ್ಯಗಳು ತಮ್ಮ ಸೇವೆ ಮಾಡಿದವರಿಗೆ ಕೊಡುತ್ತಿದ್ದ ಹಳೆಯ ಪದಕಗಳನ್ನು ಕೂಡಿಸುವುದು ನನ್ನ ಹುಚ್ಚು. ಚಿನ್ನದ ಮೇಲೆ ಬಣ್ಣದ ಮೀನಾ ಕೆಲಸ, ಅಂದರೆ ಎನಾಮಲ್ ಲೇಪ, ಇದ್ದವು ಸಿಗುವುದು ಕಷ್ಟ. ಕೈಜಾರಿದರೆ ಮೀನಾ ಗಾಜಿನಂತೆ ಚಕ್ಕೆ ಏಳುತ್ತದೆ. ಹಾಗಾಗಿ ಸಂಭಾಜಿನಗರದ ಒಬ್ಬ ನಿವೃತ್ತ ಮೇಷ್ಟ್ರು ತಮ್ಮಲ್ಲಿ ಅಂಥದ್ದೊಂದು ಇದೆ ಎಂದು ತಿಳಿಸಿದ್ದೇ ತಡ, ರಜೆ ಹಾಕಿ, ಹೆಂಡತಿ ಸರೋಜಾಳನ್ನೂ ಕರೆದುಕೊಂಡು ಹೊರಟೆ.

ಕೆಂಪು ಗುಲಾಬಿಯ ಆಕಾರದ ಪದಕ. ನಡುವೆ ರಾಣಿಯ ಮುಖ, ಮೇಲೆ ಕಿರೀಟ. ಭೂತಗನ್ನಡಿ ಹಿಡಿದು ನೋಡಿದೆ. ಒಂದು ದಳದ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು, ಅಷ್ಟೇ. “ಅಜ್ಜನಿಗೆ ಸರ್ಕಾರ ಕೊಟ್ಟದ್ದು” ಎಂದರು ಮೇಷ್ಟ್ರು. ಯಾರೋ ದೊಡ್ಡ ಅಧಿಕಾರಿಯಾಗಿದ್ದಿರಬೇಕೆಂದು ನಾನೂ ಹೆಚ್ಚು ಕೇಳಲಿಲ್ಲ. ಹಣ ಕೊಟ್ಟು, ಪದಕವನ್ನು ಹತ್ತಿಯಲ್ಲಿ ಸುತ್ತಿ, ಅಂಗಿಯ ಒಳಜೇಬಿಗೆ ಹಾಕಿ ಗುಂಡಿ ಹಚ್ಚಿಕೊಂಡೆ.

ಮರಳುವಾಗ ಮಧ್ಯಾಹ್ನ ನಮ್ಮ ಬಸ್ಸು ದಾರಿಯಲ್ಲಿ ವೈಜಾಪುರ ಎಂಬ ಊರಿನ ನಿಲ್ದಾಣದಲ್ಲಿ ನಿಂತಿತು. ಸರೋಜಾ ಕಿಟಕಿಯ ಪಕ್ಕ, ನಾನು ಈಚೆ ಕೂತಿದ್ದೆವು. ಹಸಿರು ಸೀರೆ ಉಟ್ಟ ನಡುವಯಸ್ಸಿನ ಹೆಂಗಸೊಬ್ಬಳು ಬಸ್ಸು ಹತ್ತಿ, ಆಚೀಚೆ ನೋಡದೆ ನೇರ ನನ್ನ ಬಳಿ ಬಂದಳು. ಅಂಗೈಯನ್ನು ನನ್ನ ಎದೆಯ ಮೇಲೆ, ಪದಕವಿದ್ದಲ್ಲೇ ಇಟ್ಟಳು.

“ಡಾಕ್ಟರ್ ಸಾಹೇಬ, ಮಾಗಚ್ಯಾ ವೇಳೀಪಣ ಯೇತೋ ಮ್ಹಣಾಲಾತ. ಆತಾ ತರೀ ಚಲಾ.”

ಹಿಂದಿನ ಸಲವೂ ಬರುತ್ತೇನೆ ಎಂದಿದ್ದಿರಿ, ಈಗಲಾದರೂ ನಡೆಯಿರಿ ಎಂದು ಆ ಮರಾಠಿ ಮಾತಿನ ಅರ್ಥ. ನಾನು ಗಾಬರಿಯಾಗಿ ಅವಳ ಕೈ ಸರಿಸಿದೆ. ನಾನು ಡಾಕ್ಟರ್ ಅಲ್ಲ, ಬ್ಯಾಂಕಿನವನು ಎಂದು ಮರಾಠಿಯಲ್ಲಿ ಹೇಳಿದೆ. ಅವಳು ಅಳಲಿಲ್ಲ, ಸಿಟ್ಟಾಗಲಿಲ್ಲ. ಒಂದು ಗಳಿಗೆ ನನ್ನ ಮುಖ ನೋಡಿ ಇಳಿದು ಹೋದಳು. ಬಸ್ಸು ಹೊರಟಿತು.

ಸ್ವಲ್ಪ ಹೊತ್ತಾದ ಮೇಲೆ ಸರೋಜಾ ಕೇಳಿದಳು: “ಏನ್ರೀ, ಆಕಿ ನಮ್ಮ ಕಡಿಯಾಕಿ ಇದ್ದಾಂಗಿತ್ತು. ನೀವ್ಯಾಕ ಆಕಿಗೆ ಮರಾಠಿಯೊಳಗ ಉತ್ತರ ಕೊಟ್ರಿ?”

“ಆಕಿ ಮಾತಾಡಿದ್ದ ಮರಾಠಿ ಅಲ್ಲೇನ?”

“ಅಲ್ರೀ! ‘ಡಾಕ್ಟರ್ ಸಾಹೇಬ್ರ, ಹ್ವಾದ ಸಲನೂ ಬರ್ತೀನಿ ಅಂದಿದ್ರಿ, ಈಗರೆ ನಡೀರಿ’ ಅಂದ್ಲು. ನಾ ಕಿವಿಲೇ ಕೇಳೀನಿ.”

ಸರೋಜಾಳ ಮರಾಠಿ ಕಾಯಿಪಲ್ಯೆ ಕೊಳ್ಳುವುದಕ್ಕೆ ಸಾಲುವಷ್ಟೇ. ಆದರೂ ಅವಳು ಹೇಳಿದ್ದು ಅಕ್ಷರಶಃ ಅದೇ ಮಾತು. ನಾನು ಒಳಜೇಬನ್ನು ಮುಟ್ಟಿ ನೋಡಿಕೊಂಡೆ.

ನಾಸಿಕದ ಮನೆ ಮುಟ್ಟಿದ ಕೂಡಲೇ ಮೇಷ್ಟ್ರಿಗೆ ಫೋನು ಮಾಡಿ ಅಜ್ಜ ಏನಾಗಿದ್ದರು ಎಂದು ಕೇಳಿದೆ. “ಡಾಕ್ಟರ್. ಪ್ಲೇಗಿನ ಕಾಲದಲ್ಲಿ ಹಳ್ಳಿಹಳ್ಳಿ ತಿರುಗಿದವರು. ಯಾಕೆ?” ಎಂದರು. ಸುಮ್ಮನೆ ಕೇಳಿದೆ ಎಂದು ಫೋನು ಇಟ್ಟುಬಿಟ್ಟೆ.

ಆಮೇಲೆ ಎರಡು ಸಲ ವೈಜಾಪುರಕ್ಕೆ ಹೋಗಿ ಬಂದೆ. ನಿಲ್ದಾಣದ ಚಹದಂಗಡಿಯವನನ್ನೂ ಹಣ್ಣು ಮಾರುವವರನ್ನೂ ವಿಚಾರಿಸಿದೆ. ಅಂಥ ಹೆಂಗಸನ್ನು ನೋಡಿದ ನೆನಪು ಯಾರಿಗೂ ಇರಲಿಲ್ಲ. ಅವಳು ಯಾವುದೋ ಚಿಂತೆಯಲ್ಲಿ ಬುದ್ಧಿ ಕೆಟ್ಟವಳು, ಕೈ ಅಲ್ಲಿಗೇ ಹೋದದ್ದು ಕಾಕತಾಳೀಯ ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಒಂದೇ ಮಾತು ಇಬ್ಬರಿಗೆ ಎರಡು ಭಾಷೆಯಲ್ಲಿ ಕೇಳಿಸಿದ್ದಕ್ಕೆ ಏನು ಹೇಳುವುದು?

ಅದು ಮರಾಠಿಯೋ ಕನ್ನಡವೋ ಎಂದು ನಾವು ಇವತ್ತಿಗೂ ವಾದಿಸುತ್ತೇವೆ. ಹೋದ ತಿಂಗಳು ಸರೋಜಾ ವಾದವನ್ನು ನಡುವೆಯೇ ನಿಲ್ಲಿಸಿದಳು.

“ಭಾಷಾ ಯಾವುದರೆ ಇರ್ಲಿ ಬಿಡ್ರಿ. ನೀವು ಎದ್ದು ಆಕಿ ಕೂಡ ಹೋಗಬೇಕಿತ್ತು.”

ಎಲ್ಲಿಗೆ ಎಂದು ನಾನು ಕೇಳಿದೆ. ಅದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.