ದೊಡ್ಡಮುನಿಯಪ್ಪನವರು ಗಂಡಿನ ಮನೆ ನೋಡಿದ್ದು

ಹಲಸೂರಿನ ನಮ್ಮ ಗಲ್ಲಿಯಲ್ಲಿ ದೊಡ್ಡಮುನಿಯಪ್ಪನವರನ್ನು ಊಟಕ್ಕೆ ಕರೆಯುವವರು ಕಡಿಮೆ. ಮನುಷ್ಯ ಬಂಗಾರ. ಆದರೆ ಬಂದವರು ಹಾಲ್‌ನಲ್ಲಿ ಕೂರುವುದಿಲ್ಲ, ನೆಟ್ಟಗೆ ಅಡುಗೆಮನೆಗೆ ಹೋಗಿ ಒಲೆಯ ಹಿಂದೆ ಕೈ ಹಾಕುತ್ತಾರೆ. ಮೂವತ್ತೊಂದು ವರ್ಷ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತವರು. ಹೆಗಲು ನಿವೃತ್ತವಾಗಿದೆ, ಮೂಗು ಇನ್ನೂ ಡ್ಯೂಟಿಯಲ್ಲಿದೆ. ಒಮ್ಮೆ ನಮ್ಮ ಒಲೆಯ ಪೈಪಿನ ಮೇಲೆ ಅಚ್ಚಾಗಿದ್ದ ಇಸವಿಯನ್ನು ಓದಿ, "ಸಾರ್, ಇದು ನಿಮ್ಮ ಮಗಳು ಹೈಸ್ಕೂಲಲ್ಲಿದ್ದಾಗಿಂದು. ಅವಳನ್ನ ಮದುವೆ ಮಾಡಿ ಕಳಿಸಿದ್ರಿ, ಇದನ್ನ ಯಾವಾಗ ಕಳಿಸ್ತೀರಾ?" ಎಂದರು. "ನಾಳೆ" ಎಂದೆ. ಆ ನಾಳೆಗೆ ಈಗ ಎಂಟು ತಿಂಗಳು.

ಇಂಥವರ ಒಬ್ಬಳೇ ಮಗಳು ಭಾಗ್ಯಲಕ್ಷ್ಮಿ. ಕಮರ್ಷಿಯಲ್ ಸ್ಟ್ರೀಟ್‌ನ ಬಟ್ಟೆ ಅಂಗಡಿಯಲ್ಲಿ ಕೆಲಸ. ಎದುರಿನ ಒಡವೆ ಅಂಗಡಿಯಲ್ಲಿ ಬಿಲ್ ಹಾಕುವ ಸುಗತನಿಗೂ ಅವಳಿಗೂ ಎರಡು ವರ್ಷದಿಂದ ಮನಸ್ಸು ಕೂಡಿತ್ತು. ಹುಡುಗನ ತಾಯಿ ಆಂಜನಮ್ಮ ಬಲು ಕಷ್ಟದಲ್ಲಿ ಒಪ್ಪಿ, ಶಾಸ್ತ್ರದಂತೆ ಹೆಣ್ಣಿನ ಕಡೆಯ ಹಿರಿಯರು ಭಾನುವಾರ ಬಂದು ಮನೆ ನೋಡಲಿ ಎಂದು ಹೇಳಿ ಕಳಿಸಿದ್ದರು.

ಹೊರಡುವ ಮುಂಚೆ ಭಾಗ್ಯಲಕ್ಷ್ಮಿ ಅಪ್ಪನನ್ನು ಬಾಗಿಲಲ್ಲೇ ನಿಲ್ಲಿಸಿದಳು.

"ಅಪ್ಪಾ, ಅಲ್ಲಿ ಹೋಗಿ ಬೆಂಕಿ ಗಿಂಕಿ ಅನ್ಬೇಡ. ಆ ಆಂಟಿಗೆ ಅಪಶಕುನ ಅಂದ್ರೆ ಆಗಲ್ಲ. ಈ ಸಂಬಂಧ ತಪ್ಪಿದ್ರೆ ನಾನು ಮದುವೇನೇ ಆಗಲ್ಲ, ಹೇಳಿದ್ದೀನಿ."

"ಸಿಲಿಂಡರ್ ಅನ್ಬೋದಾ?"

"ಅದೂ ಬೇಡ."

"ಮತ್ತೆ ನಾನು ಏನ್ ಮಾತಾಡ್ಲವ್ವಾ?"

"ಬಾಯ್ ತುಂಬ ತಿಂಡಿ ಹಾಕ್ಕೊಂಡು ಸುಮ್ನೆ ಕೂತ್ಕೊಳ್ರೀ," ಎಂದರು ಹೆಂಡತಿ ಶಾಂತಕುಮಾರಿ. "ಮಾತೆಲ್ಲ ಸಾರ್ ಆಡ್ತಾರೆ."

ಆ ಸಾರ್ ನಾನು. ನಾಲ್ಕು ಅಕ್ಷರ ಬರೆಯುವವನಿಗೆ ಮಾತೂ ಬರುತ್ತದೆ ಎಂಬ ನಂಬಿಕೆ ಪಕ್ಕದ ಮನೆಯವರಿಗೆ ಮಾತ್ರ ಉಳಿದಿದೆ.

ರಾಮಮೂರ್ತಿ ನಗರದಲ್ಲಿ ಅಂಗಡಿಯ ಮೇಲಿನ ಮಹಡಿ ಮನೆ. ನಾವು ಒಳಗೆ ಬಂದದ್ದೇ ಆಂಜನಮ್ಮ ಗ್ರಿಲ್ ಎಳೆದು ಬೀಗ ಜಡಿದು, "ಹಗಲೊತ್ತಲ್ಲೇ ಕಳ್ಳತನ ಇಲ್ಲಿ," ಎನ್ನುತ್ತ ಬೋಂಡಾ ಕರಿಯಲು ಒಳಗೆ ಹೋದರು. ಕಿಟಕಿಗೆ ಗ್ರಿಲ್, ಬಾಲ್ಕನಿಗೂ ಗ್ರಿಲ್.

ತಟ್ಟೆ ಬಂತು. ದೇವರ ದೀಪದ ನೆತ್ತಿಗೇ ನೈಲಾನ್ ಪರದೆ ತೂಗುತ್ತಿತ್ತು. ಮುನಿಯಪ್ಪನವರು ಒಂದು ಬೋಂಡಾ ಬಾಯಿಗೆ ಹಾಕಿಕೊಂಡರು. ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಫ್ರಿಜ್ಜು, ಮಿಕ್ಸಿ, ಇಸ್ತ್ರಿಪೆಟ್ಟಿಗೆ. ಇನ್ನೊಂದು ಬೋಂಡಾ. ಅಡುಗೆಮನೆ ತೋರಿಸಿ ಮುಗಿಸುವಷ್ಟರಲ್ಲಿ ಏಳು ಬೋಂಡಾ ಆಗಿತ್ತು. "ಬೀಗರಿಗೆ ನಮ್ಮ ಕೈರುಚಿ ಹಿಡಿಸ್ತು," ಎಂದು ಆಂಜನಮ್ಮ ಹಿಗ್ಗಿದರು. ಹಿಗ್ಗಿನಲ್ಲೇ ಮುಂದುವರಿಸಿದರು: "ನಿಮ್ಮ ಮಗಳ ಬಗ್ಗೆ ಚಿಂತೆ ಬೇಡ. ರಾತ್ರಿ ಒಂಬತ್ತಕ್ಕೆ ಬೀಗ ಹಾಕಿದ್ರೆ ಬೆಳಗಾಗೋವರೆಗೂ ಇರುವೇನೂ ಆಚೆ ಹೋಗಲ್ಲ. ಕೀ ನನ್ನತ್ರಾನೇ. ಸೊಸೆ ಕೈಗೂ ಕೊಡಲ್ಲ."

ತಟ್ಟೆಯಲ್ಲಿ ಬೋಂಡಾ ಮುಗಿದಿತ್ತು.

"ಬೆಂಕಿ ಬಿದ್ರೆ ನನ್ನ ಮಗಳು ಯಾವ ಕಡೆಯಿಂದ ಆಚೆ ಬರ್ತಾಳೆ ತಾಯೀ?"

ಆಂಜನಮ್ಮನ ಮುಖ ಕಪ್ಪಿಟ್ಟಿತು. "ಏನಂದ್ರಿ? ನಾವೇನು ಸೊಸೇನ ಸುಡೋ ಜನಾನಾ?"

ನನ್ನ ಕೆಲಸ ಈಗ ಎಂದುಕೊಂಡು ಬಾಯಿ ಹಾಕಿದೆ. "ಛೆ ಛೆ, ಅವರು ಎಲ್ಲರ ಮನೇಲೂ ಹೀಗೇ ಕೇಳ್ತಾರಮ್ಮ."

"ಎಲ್ಲರ ಮನೇಲೂ? ಹುಡುಗಿಗೆ ಎಷ್ಟು ಮನೆ ನೋಡ್ಕೊಂಡು ಬಂದ್ರಿ ಹಂಗಾದ್ರೆ?"

ಶಾಂತಕುಮಾರಿ ನನ್ನತ್ತ ನೋಡಿದ ನೋಟವನ್ನು ಇಲ್ಲಿ ವರ್ಣಿಸಲಾರೆ. ಸುಗತ ನೆಲ ನೋಡುತ್ತ ನಿಂತಿದ್ದ. ಅವಮಾನವಾಯಿತೆಂದು ಎದ್ದು ಹೋಗೋಣವೆಂದರೆ ಆ ಅನುಕೂಲವೂ ಇಲ್ಲ, ಗ್ರಿಲ್ಲಿಗೆ ಬೀಗ.

ಮುನಿಯಪ್ಪನವರು ಕೈಮುಗಿದರು. "ತಪ್ಪು ತಿಳ್ಕೋಬೇಡಿ. ಒಂದ್ಸಲ ಸಿಲಿಂಡರ್ ಹೊತ್ಕೊಂಡು ಹೋದ್ರೆ ಮನೆ ತುಂಬ ಹೊಗೆ. ಗಂಡ ಹೆಂಡ್ತಿ ಗ್ರಿಲ್ ಹಿಡ್ಕೊಂಡು ನಿಂತವ್ರೆ. ನಾನು ಈಚೆ. ಕೀ ಎಲ್ಲಿ ಅಂದ್ರೆ ಅವಳು ಅವನ ಮುಖ ನೋಡ್ತಾಳೆ, ಅವನು ಅವಳ ಮುಖ ನೋಡ್ತಾನೆ. ನಾನು ಓಡಿಹೋಗಿ ಸಲಾಕೆ ತಂದು ಒಡೆಯೋ ಹೊತ್ತಿಗೆ ಆಯಮ್ಮ ಉಳೀಲಿಲ್ಲ. ಕಳ್ಳ ಯಾವತ್ತೂ ಆ ಮನೆಗೆ ಬಂದಿರ್ಲಿಲ್ಲ."

ಆದರೆ ಆಂಜನಮ್ಮ ಸೋಲುವವರಲ್ಲ. "ನನ್ ಮನೇಲಿ ಕೀ ಹುಡುಕೋ ಕರ್ಮ ಇಲ್ಲ. ನೋಡ್ತಾ ಇರಿ," ಎಂದು ಸೊಂಟಕ್ಕೆ ಕೈ ಹಾಕಿದರು. ಸೊಂಟದಲ್ಲಿರಲಿಲ್ಲ. ಟಿವಿಯ ಮೇಲೆ ನೋಡಿದರು, ದಿಂಬು ಎತ್ತಿದರು.

"ಲೋ ಸುಗತ, ಇಲ್ಲೇ ಇತ್ತಲ್ಲೋ!"

"ನಂಗೇನ್ ಗೊತ್ತಮ್ಮ? ಯಾರ ಕೈಗೂ ಕೊಡಲ್ಲ ಅಂತೀಯಲ್ಲ."

ಇಂಥ ಹೊತ್ತಿನಲ್ಲಿ ಗಡಿಯಾರ ನೋಡಬಾರದೆಂಬ ವಿವೇಕ ಯಾರಿಗಾದರೂ ಇರುತ್ತದೆ. ಮುನಿಯಪ್ಪನವರು ನೋಡುತ್ತಲೇ ಇದ್ದರು. ಕೊನೆಗೆ ಕೀ ಸಿಕ್ಕಿದ್ದು ಕಡಲೆಹಿಟ್ಟಿನ ಡಬ್ಬದ ಹಿಂದೆ.

"ಏಳು ನಿಮಿಷ," ಎಂದರು ಮುನಿಯಪ್ಪ. ಶಾಂತಕುಮಾರಿ ಗಂಡನ ತೊಡೆ ಚಿವುಟಿದ್ದು ನನಗೂ ನೋವಾಗುವಂತಿತ್ತು.

ಆಂಜನಮ್ಮ ಹಿಟ್ಟು ಮೆತ್ತಿದ ಕೀಯನ್ನು ಸೆರಗಿನಿಂದ ಒರೆಸಿದರು. ಆಮೇಲೆ ಕೇಳಿದರು: "ಎಲ್ಲಿಡಬೇಕು ಹೇಳಿ."

"ಬಾಗಿಲ ಪಕ್ಕದಲ್ಲೇ ಒಂದು ಮೊಳೆ. ಆಚೆಯಿಂದ ಕೈ ಹಾಕಿದ್ರೆ ಸಿಗಬಾರ್ದು, ಒಳಗೆ ಕತ್ತಲಲ್ಲಿ ತಡವಿದ್ರೂ ಸಿಗ್ಬೇಕು. ಮನೇಲಿರೋ ಎಲ್ಲಾರ್ಗೂ ಗೊತ್ತಿರ್ಬೇಕು."

"ಸೊಸೆಗೂ?"

"ಆವತ್ತು ಆಯಮ್ಮನಿಗೆ ಗೊತ್ತಿದ್ದಿದ್ರೆ ಬದುಕ್ತಿದ್ಲು ತಾಯೀ."

ಸುಗತ ಸುತ್ತಿಗೆ ತಂದ. ಶುಭಕಾರ್ಯದ ಮಾತುಕತೆಯಲ್ಲಿ ಗೋಡೆಗೆ ಮೊಳೆ ಹೊಡೆದದ್ದನ್ನು ನಾನು ಕಂಡದ್ದು ಅದೇ ಮೊದಲು. ಆಂಜನಮ್ಮ ತಾವೇ ಕೀಯನ್ನು ಅದಕ್ಕೆ ತೂಗುಹಾಕಿ, ಶಾಂತಕುಮಾರಿಗೆ ಕುಂಕುಮ ಕೊಟ್ಟು ಎಲೆಅಡಿಕೆ ಕೈಗಿಟ್ಟರು.

"ಹುಡುಗಿ ನಮಗೆ ಒಪ್ಪಿಗೆ. ಹುಡುಗಿ ಅಪ್ಪನ ವಿಷಯ ಮಾತ್ರ ಕೂತು ಯೋಚ್ನೆ ಮಾಡಿ ಹೇಳ್ತೀವಿ."

ಮೆಟ್ಟಿಲಿಳಿಯುವಾಗಲೇ ಭಾಗ್ಯಲಕ್ಷ್ಮಿಯ ಫೋನ್ ಬಂತು. ಮುನಿಯಪ್ಪನವರು ಹೆಗಲ ಟವಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಶಾಂತಕುಮಾರಿ ಫೋನಿಗೆ ಹೇಳಿದರು:

"ಮದುವೆ ಆಯ್ತು ಅಂದ್ಕೋ ಕಣೇ. ನಿಮ್ಮಪ್ಪನ್ನ ಕರೀತಾರೋ ಇಲ್ವೋ, ಅದೇ ಡೌಟು."