ದೇವರ ಗೂಡಿನ ಕಾರ್ಡು

ಗುರುವಾರ, ಬೆಳಿಗ್ಗೆ ಆರು ಗಂಟೆ. ಹಾಜರಿದ್ದವರು: ನಾನು, ನನ್ನ ಹೆಂಡತಿ ಗಿರಿಜ, ಬಾಗಿಲ ಹಿಂದೆ ಗೋಡೆಗೆ ಒರಗಿ ನಿಂತಿದ್ದ ನನ್ನ ಎಡಗಾಲು.

ಕಾಲನ್ನು ಹಾಜರಿಗೆ ಸೇರಿಸಿದ್ದಕ್ಕೆ ನಗಬೇಡಿ. ಇರುವುದೆಲ್ಲ ಲೆಕ್ಕಕ್ಕೆ ಬರಬೇಕು ಎಂಬುದು ಸೈನ್ಯ ಕಲಿಸಿದ ಅಭ್ಯಾಸ. ಮಂಡಿಯ ಕೆಳಗಿನ ಈ ಕೃತಕ ಕಾಲನ್ನು ಮಲಗುವಾಗ ಬಿಚ್ಚಿ ಬಾಗಿಲ ಹಿಂದೆ ನಿಲ್ಲಿಸುತ್ತೇನೆ. ಬೆಳಿಗ್ಗೆ ಎದ್ದು, ಉಳಿದ ಮೋಟಿಗೆ ಪೌಡರ್ ಸವರಿ, ಹತ್ತಿಯ ಚೀಲ ಏರಿಸಿ, ಪಟ್ಟಿ ಬಿಗಿದು, ಎರಡೂ ಬೂಟಿಗೆ ಒಂದೇ ಸಮ ಪಾಲಿಷ್ ಹಚ್ಚಿ ಐದೂವರೆಗೆಲ್ಲ ಸಿದ್ಧನಾಗುತ್ತೇನೆ. "ನೋವೇ ಇಲ್ಲದ ಕಾಲಿಗೆ ಎಷ್ಟು ಉಪಚಾರ ನೋಡಿ!" ಎಂದು ಗಿರಿಜ ನಮ್ಮ ಮದುವೆಯಷ್ಟೇ ಹಳೆಯ ಮಾತಿನಲ್ಲಿ ಹಂಗಿಸುತ್ತಾಳೆ.

ಈ ಗುರುವಾರ ಮಾತ್ರ ಆರಾದರೂ ಕಾಲು ಬಾಗಿಲ ಹಿಂದೆಯೇ ಇತ್ತು. ಜಯನಗರದ ಆಸ್ಪತ್ರೆಯಲ್ಲಿ ಬಲ ಮಂಡಿ ಬದಲಾಯಿಸಿಕೊಂಡು ಗಿರಿಜ ಮನೆಗೆ ಬಂದಿದ್ದಾಳೆ. ಅಲ್ಲಿ ಅವಳನ್ನು ನಡೆಸುತ್ತಿದ್ದ ಫಿಸಿಯೋಥೆರಪಿ ಹುಡುಗಿ ಖಡಾಖಂಡಿತವಾಗಿ ಹೇಳಿದ್ದಳು: ಗುರುವಾರ ಬೆಳಿಗ್ಗೆ ವಾಕರ್ ಹಿಡಿದು ಮಂಚದಿಂದ ಗೇಟಿನವರೆಗೆ ಹೋಗಲೇಬೇಕು, ಇಲ್ಲದಿದ್ದರೆ ಮಂಡಿ ಬಿಗಿದುಕೊಳ್ಳುತ್ತದೆ. ಗಿರಿಜಳಿಗೆ ಭಯ; ಅವಳನ್ನು ಪುಸಲಾಯಿಸುವುದರಲ್ಲೇ ನನ್ನ ಕಾಲಿನ ಹೊತ್ತು ಮೀರಿತ್ತು. "ಇವತ್ತು ಬೇಡ ರೀ. ನಾಳೆ ನೋಡೋಣ" ಎಂದು ಮತ್ತೆ ಒರಗಿಕೊಳ್ಳಲು ಹೋದವಳ ಕೈ ತಗುಲಿ ನನ್ನ ಪೌಡರ್ ಡಬ್ಬಿ ಕೆಳಗೆ ಬಿತ್ತು. ಕೆಂಪು ನೆಲದ ತುಂಬ ಬಿಳಿ ಪುಡಿ.

ಜಾರೀತೆಂದು ಒದ್ದೆ ಬಟ್ಟೆ ಹಿಡಿದು, ಕುಳಿತಲ್ಲೇ ಬಗ್ಗಿ ಒರೆಸತೊಡಗಿದೆ. ಆ ವಾಸನೆ ಮೂಗಿಗೆ ಹೋದದ್ದೇ ತಡ, ನಾನು ಬೆಂಗಳೂರಿನ ಶ್ರೀನಗರದ ನಮ್ಮ ಮನೆಯಲ್ಲಿರಲಿಲ್ಲ. ಪುಣೆಯಲ್ಲಿ, ಸೈನಿಕರಿಗೆ ಕೃತಕ ಕಾಲು ಮಾಡಿಕೊಡುವ ಕೇಂದ್ರದ ಉದ್ದನೆಯ ಹಾಲ್‌ನಲ್ಲಿದ್ದೆ.

ಕಾಲು ಹೋದ ಕಥೆ ಚಿಕ್ಕದು. ಗಡಿಯಲ್ಲಿ ಗಸ್ತು ತಿರುಗುವಾಗ ಹೂತಿಟ್ಟ ಮೈನ್ ಮೇಲೆ ಹೆಜ್ಜೆ ಇಟ್ಟೆ, ಅಷ್ಟೇ. ಕಾಲು ಬಂದ ಕಥೆಯೇ ಉದ್ದ. ಆಗ ನಮಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಗಿರಿಜ ತನ್ನ ಅಣ್ಣನ ಜೊತೆ ರೈಲು ಹತ್ತಿ ಬಂದಳು. ವಾರ್ಡಿನೊಳಗೆ ಬಂದವಳು ನನ್ನ ಮುಖ ನೋಡುವ ಮೊದಲು ಹೊದಿಕೆ ಚಪ್ಪಟೆಯಾಗಿದ್ದ ಜಾಗವನ್ನು ನೋಡಿದಳು. ಅಳುತ್ತಾಳೆಂದು ನಾನು ಸಿದ್ಧನಾಗಿದ್ದೆ. ಅವಳು ಕೇಳಿದ್ದು, "ಇಲ್ಲಿ ಊಟ ಸರಿಯಾಗಿ ಹಾಕ್ತಾರಾ?"

ಅಲ್ಲಿ ನಡಿಗೆ ಕಲಿಸುವವರನ್ನು ಉಸ್ತಾದ್ ಎನ್ನುತ್ತಿದ್ದೆವು. ನಮ್ಮ ಉಸ್ತಾದ್ ದಪ್ಪ ಮೀಸೆಯ ಮರಾಠಿ ಹವಾಲ್ದಾರ್. ಹಾಲ್‌ನ ಉದ್ದಕ್ಕೂ ಹಿಡಿದುಕೊಳ್ಳಲು ಕಂಬಿ, ಕೊನೆಯಲ್ಲಿ ಆಳೆತ್ತರದ ಕನ್ನಡಿ, ಗಾಳಿಯಲ್ಲಿ ಪೌಡರ್ ಮತ್ತು ಹೊಸ ಚರ್ಮದ ವಾಸನೆ. ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದ ಗಿರಿಜಳನ್ನು ಅವರು ಎರಡು ದಿನ ನೋಡಿದರು. ಮೂರನೆಯ ದಿನ ಒಳಗೆ ಕರೆದರು. ಅವರ ಹಿಂದಿಯನ್ನು ನಾನೇ ಅವಳಿಗೆ ಕನ್ನಡದಲ್ಲಿ ಹೇಳಬೇಕಾಯಿತು: "ಸುಮ್ಮನೆ ನಿಲ್ಲಬೇಡ ತಂಗಿ. ಇವನ ಹೆಜ್ಜೆಗೆ ನೀನು ಕೂಗು. ನಿನ್ನ ಭಾಷೆಯಲ್ಲೇ ಕೂಗು. ಕಾಲಿಗೆ ಭಾಷೆ ಗೊತ್ತಾಗೋದಿಲ್ಲ."

"ಎಡ... ಬಲ..." ಎಂದಳು, ಪಕ್ಕದವರ ಮಗು ಮಲಗಿದೆಯೇನೋ ಎಂಬಂತೆ. "ಜೋರಾಗಿ!" ಎಂದರು ಉಸ್ತಾದ್. ಒಂದು ವಾರ ಕಳೆಯುವುದರಲ್ಲಿ ಗಿರಿಜಳ ಗಂಟಲು ಹಾಲ್ ತುಂಬತೊಡಗಿತು. ಕೇರಳದವರು, ಗೂರ್ಖಾಗಳು, ಗಢ್ವಾಲಿಗಳು ಎಲ್ಲರೂ ಅವಳ "ಎಡ, ಬಲ"ಕ್ಕೆ ನಡೆಯುತ್ತಿದ್ದರು. ಬಲಗಾಲು ಕಳೆದುಕೊಂಡಿದ್ದ ಒಬ್ಬ ಸಿಖ್ ಸಿಪಾಯಿ ನಿಂತು ದೂರು ಹೇಳಿದ: "ಭಾಭೀಜಿ, ನಿಮ್ಮ ಗಂಡನ ಕಾಲನ್ನೇ ಮೊದಲು ಕರೀತೀರಿ. ನಂದು ಬಲ!" ಆಮೇಲೆ ಗಿರಿಜ ಅವನಿಗಾಗಿ ಒಂದು ಸುತ್ತು "ಬಲ, ಎಡ" ಎಂದು ತಿರುಗಿಸಿ ಕೂಗುತ್ತಿದ್ದಳು. ಊರಿಗೆ ಹೊರಡುವ ದಿನ ಅವನು ಸೆಲ್ಯೂಟ್ ಹೊಡೆದದ್ದು ಅವಳಿಗೆ. ನನ್ನ ಕಡೆ ನೋಡಲೂ ಇಲ್ಲ.

ಉಸ್ತಾದ್ ಅವಳಿಗೆ ಇನ್ನೊಂದು ಪಾಠವನ್ನೂ ಹೇಳಿಕೊಟ್ಟರು. ಯಾವ ಕಾಲು ಸೋತಿದೆಯೋ ಆ ಕಡೆ ನಿಲ್ಲಬೇಕು, ಅರ್ಧ ಹೆಜ್ಜೆ ಹಿಂದೆ. ಬೀಳುವಾಗ ಕೈ ಹಿಡಿದು ಎಳೆಯಬಾರದು, ಭುಜ ಕೊಡಬೇಕು. ಅವತ್ತು ನನ್ನ ಎಡಕ್ಕೆ ಬಂದವಳು ಅಲ್ಲಿಂದ ಕದಲಲೇ ಇಲ್ಲ. ಬನಶಂಕರಿ ಗುಡಿಯ ಸಾಲಿನಲ್ಲಿ, ಬಸ್ಸಿನ ಮೆಟ್ಟಿಲಲ್ಲಿ, ಛತ್ರದ ಊಟದ ಪಂಕ್ತಿಯಲ್ಲಿ, ಎಲ್ಲೇ ಆದರೂ ನನ್ನ ಎಡಗೈ ಕೆಳಗೆ ಅವಳ ಬಲ ಭುಜ. ಮಗಳ ಮದುವೆಯಲ್ಲಿ ಧಾರೆ ಎರೆಯುವಾಗ ಪುರೋಹಿತರು, "ತಾಯಿ, ನೀವು ಯಜಮಾನರ ಬಲಕ್ಕೆ ಬರಬೇಕು" ಎಂದರು. ಗಿರಿಜ ಅಲ್ಲಾಡಲಿಲ್ಲ. "ಸ್ವಾಮಿ, ನಾನು ಆ ಕಡೆ ಬಂದ್ರೆ ಇವರು ಈ ಕಡೆ ಬೀಳ್ತಾರೆ. ಮಂತ್ರದಲ್ಲೇ ಏನಾದ್ರೂ ಅಡ್ಜಸ್ಟ್ ಮಾಡ್ಕೊಳ್ಳಿ." ಪುರೋಹಿತರು ಮಾಡಿಕೊಂಡರು. ಮಗಳು ಉತ್ತರಹಳ್ಳಿಯಲ್ಲಿ ಸುಖವಾಗಿದ್ದಾಳೆ.

ಇನ್ನು ಕಾರ್ಡಿನ ವಿಷಯ. ನಮ್ಮಂಥ ಮಾಜಿ ಸೈನಿಕರಿಗೆ ಸರ್ಕಾರದ ವೈದ್ಯಕೀಯ ಯೋಜನೆಯೊಂದಿದೆ. ಮೊದಲು ನಮ್ಮದೇ ಕ್ಲಿನಿಕ್ಕಿಗೆ ಹೋಗಬೇಕು. ಅಲ್ಲಿನ ಡಾಕ್ಟರ್ ಬರೆದುಕೊಟ್ಟರೆ ಗೊತ್ತುಮಾಡಿದ ದೊಡ್ಡ ಆಸ್ಪತ್ರೆಯಲ್ಲಿ ಕೈಯಿಂದ ಹಣ ಕೊಡದೆ ಚಿಕಿತ್ಸೆ. ನನಗೊಂದು ಕಾರ್ಡು, ಹೆಂಡತಿಗೆ ಅವಳದೇ ಫೋಟೋ ಇರುವ ಇನ್ನೊಂದು. ನನಗಿರುವ ಸೌಲಭ್ಯವೆಲ್ಲ ಅವಳಿಗೂ ಉಂಟು. ಕಾರ್ಡು ಕೊಟ್ಟ ದಿನ ಕಿಟಕಿಯಾಚೆ ಕುಳಿತಿದ್ದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಮೇಡಂ, ಜೋಪಾನ. ಇದು ಸಾರ್ ನಂತರವೂ ನಿಮಗೆ ನಡೆಯುತ್ತೆ." ಗಿರಿಜ ಮನೆಗೆ ಬಂದವಳೇ ಕಾರ್ಡನ್ನು ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಹಿಂದೆ ಇಟ್ಟಳು. ವಸ್ತುಗಳನ್ನು ಭದ್ರವಾಗಿಡುವ ವಿಷಯದಲ್ಲಿ ನನಗೆ ಸರಿಸಾಟಿಯಾದಳು ಎಂದು ನಾನು ಒಳಗೇ ಮೆಚ್ಚಿಕೊಂಡೆ.

ನಮ್ಮ ಕ್ಲಿನಿಕ್ ನೋಡುವಂಥ ಜಾಗ. ಬಾಗಿಲು ತೆರೆಯುವುದು ಎಂಟೂವರೆಗೆ. ಏಳಕ್ಕೆಲ್ಲ ಮೆಟ್ಟಿಲ ಮುಂದೆ ಸಾಲು ಸಿದ್ಧ, ಆದರೆ ಸಾಲಿನಲ್ಲಿ ಮನುಷ್ಯರಿರುವುದಿಲ್ಲ. ನೀರಿನ ಬಾಟಲಿ, ಬಟ್ಟೆಚೀಲ, ಒಂದು ಹೆಲ್ಮೆಟ್, ಒಂದು ಕೊಡೆ. ಅವುಗಳ ಯಜಮಾನರು ಹೊಂಗೆ ಮರದ ಕೆಳಗೆ ಹರಟುತ್ತಿರುತ್ತಾರೆ.

"ಸಾರ್, ನಿಮ್ಮ ಬಾಟಲಿ ಒಂಚೂರು ಮುಂದೆ ಬಂದಂಗಿದೆ."

"ಅದು ಬರಲ್ಲ ಸಾರ್. ಇನ್‌ಫೆಂಟ್ರಿ ಬಾಟಲಿ. ಆರ್ಡರ್ ಇಲ್ದೆ ಅಲುಗಲ್ಲ."

ಗಿರಿಜ ಪ್ರತಿ ಸಲವೂ ನನ್ನ ಜೊತೆ ಬರುತ್ತಿದ್ದಳು, ನನ್ನ ಎಡಕ್ಕೆ. ತನಗೆ ಜ್ವರ ಬಂದರೆ, ಬಿಪಿ ಏರಿದರೆ ಮಾತ್ರ ನಮ್ಮ ರಸ್ತೆ ತುದಿಯ ಡಾಕ್ಟರ ಹತ್ತಿರ ಹೋಗಿಬಿಡುತ್ತಿದ್ದಳು. "ಅಲ್ಲಿ ಬಾಟಲಿ ಇಟ್ಟು ಕಾಯಬೇಕಿಲ್ಲ" ಎನ್ನುತ್ತಿದ್ದಳು. ನನ್ನ ಕಾರ್ಡಿನ ಅಂಚು ಸವೆದು ಫೋಟೋದಲ್ಲಿ ನನ್ನ ಕಿವಿ ಮಾಯವಾಯಿತು. ಅವಳದು ಹೊಸದರಂತೆಯೇ ಇತ್ತು.

ಕಳೆದ ವರ್ಷ ಅವಳು ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿಯತೊಡಗಿದಳು. ಮಗಳು ಹಠ ಹಿಡಿದು ತೆಗೆಸಿದ ಎಕ್ಸ್‌ರೇಯನ್ನು ನಾನು ನನ್ನ ಫೈಲಿನೊಳಗೆ ಅಡಗಿಸಿಕೊಂಡು ಕ್ಲಿನಿಕ್ಕಿಗೆ ಒಯ್ದೆ. ನನ್ನ ಸರದಿ ಬಂದಾಗ ಅದನ್ನೇ ಡಾಕ್ಟರ ಮೇಜಿನ ಮೇಲೆ ಇಟ್ಟೆ. ಅವರು ಬೆಳಕಿಗೆ ಹಿಡಿದು, "ಮೇಡಂ, ಬಲ ಮಂಡಿ ಪೂರ್ತಿ ಸವೆದಿದೆಯಲ್ಲ. ಇಷ್ಟು ವರ್ಷ ಏನು ಭಾರ ಹೊತ್ರಿ?" ಎಂದರು.

ಗಿರಿಜ ಗಲ್ಲದಿಂದಲೇ ನನ್ನನ್ನು ತೋರಿಸಿದಳು. "ಇವರನ್ನೇ."

ಡಾಕ್ಟರು ನಕ್ಕರು. ನಾನೂ ನಕ್ಕೆ. ಮಂಡಿ ಬದಲಾಯಿಸದಿದ್ದರೆ ಇನ್ನೊಂದು ವರ್ಷದಲ್ಲಿ ಎದ್ದು ನಿಲ್ಲುವುದೇ ಕಷ್ಟ, ಕಾರ್ಡು ತನ್ನಿ ಬರೆದುಕೊಡುತ್ತೇನೆ ಎಂದರು. ಮನೆಗೆ ಬಂದ ಮೇಲೆ ಗಿರಿಜ ಹೇಳಿದ್ದು ಒಂದೇ ಮಾತು, "ಬೇಡ."

"ಯಾಕೆ ಬೇಡ?"

"ಅದೆಲ್ಲ ನಿಮ್ಮ ಕಾಲಿಗೆ ಕೊಟ್ಟಿದ್ದು. ನಾನೇನು ಗಡಿ ಕಾಯಕ್ಕೆ ಹೋಗಿದ್ನಾ?"

ನಿಯಮ ಓದಿ ಹೇಳಿದೆ. ಮಗಳಿಂದ ಫೋನ್ ಮಾಡಿಸಿದೆ. ಪ್ರಯೋಜನವಾಗಲಿಲ್ಲ. ಕೊನೆಗೆ ನಾನು ಜೀವನದಲ್ಲಿ ಮಾಡದ ಕೆಲಸ ಮಾಡಿದೆ: ಮುಷ್ಕರ ಹೂಡಿದೆ. ಕಾಲನ್ನು ಬಾಗಿಲ ಹಿಂದೆ ನಿಲ್ಲಿಸಿ, "ನೀನು ಆಸ್ಪತ್ರೆಗೆ ಬರೋವರೆಗೆ ನಾನು ಇದನ್ನ ಹಾಕೋದಿಲ್ಲ" ಎಂದು ಘೋಷಿಸಿದೆ. ಗಿರಿಜ ಕಾಫಿ ಲೋಟವನ್ನು ನನ್ನ ಕೈಗೆ ಸಿಗದಷ್ಟು ದೂರದ ಸ್ಟೂಲಿನ ಮೇಲೆ ಇಟ್ಟು ಒಳಗೆ ಹೋದಳು. ಮಗಳು ಫೋನಿನಲ್ಲಿ, "ಅಪ್ಪಾ, ಇಬ್ಬರಿಗೂ ಸೇರಿ ಇರೋದೇ ಎರಡು ಒಳ್ಳೆ ಕಾಲು. ಅದರಲ್ಲೂ ಜಗಳಾನಾ?" ಎಂದಳು.

ಹಳೆಯ ಊರುಗೋಲು ಹಿಡಿದು ಓಡಾಡಿದೆ. ಅದರ ರಬ್ಬರ್ ಸವೆದಿದ್ದರಿಂದ ಕೆಂಪು ನೆಲದ ಮೇಲೆ ಕಪ್ಪು ಗೀರು ಮೂಡಿದವು. ಗಿರಿಜಳ ನೆಲ ಎಂದರೆ ಮುಖ ಕಾಣುವ ನೆಲ. ಎರಡನೆಯ ದಿನ ಅವಳಿಗೆ ತಡೆಯಲಾಗಲಿಲ್ಲ. ಬಟ್ಟೆ ತಂದು ಕೆಳಗೆ ಕುಳಿತು ಉಜ್ಜಿದಳು. ಉಜ್ಜಿ ಆದ ಮೇಲೆ ಏಳಲು ಹೋದಳು. ಆಗಲಿಲ್ಲ. ಗೋಡೆ ಹಿಡಿದಳು. ಆಗಲಿಲ್ಲ.

ಅವಳು ನನ್ನನ್ನು ಕರೆಯಲಿಲ್ಲ. ನನಗೆ ಕಾಲಿಲ್ಲವೆಂದು ಅವಳಿಗೆ ಗೊತ್ತಿತ್ತು. ಎಬ್ಬಿಸುವ ಕಾಲು ನಾನೇ ಶಿಸ್ತಾಗಿ ನಿಲ್ಲಿಸಿದ್ದ ಬಾಗಿಲ ಹಿಂದೆ ಇತ್ತು. ನಾನು ಕುರ್ಚಿಯಿಂದ ಜಾರಿ, ನೆಲದ ಮೇಲೆ ತೆವಳಿ ಅವಳ ಪಕ್ಕಕ್ಕೆ ಹೋಗಿ ಕುಳಿತೆ. ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ, ಬೀದಿಯ ಸೊಪ್ಪಿನವನ ಕೂಗು ಕೇಳುತ್ತ ಕುಳಿತೆವು. ಅವಳಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡಳು.

"ನಿಜ ಹೇಳು ಗಿರಿಜಾ. ಆ ಕಾರ್ಡ್ ಕಂಡ್ರೆ ಯಾಕೆ ಅಷ್ಟು ಸಿಟ್ಟು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅದನ್ನ ಅವರು ಕೊಟ್ಟಿದ್ದೇ ನೀವಿಲ್ಲದಾಗ ಅಂತ. ನೀವು ಇದ್ದೀರಲ್ಲ. ಈಗ್ಲೇ ಹೇಗೆ ಈಚೆ ತೆಗೀಲಿ?"

ಕಿಟಕಿಯವರ ಒಂದು ಮಾತು ಇಷ್ಟು ವರ್ಷ ಕುಂಕುಮದ ಭರಣಿಯ ಹಿಂದೆ ಕುಳಿತಿತ್ತು. ಅವಳಿಗೆ ನಿಯಮ ಗೊತ್ತಿರಲಿಲ್ಲವೆಂದಲ್ಲ; ನನ್ನ ಬಾಯಿಂದಲೇ ಬೇಕಾದಷ್ಟು ಕೇಳಿದ್ದಳು. ಆದರೆ ಆ ಕಾರ್ಡನ್ನು ತಾನು ಮುಟ್ಟದಿರುವವರೆಗೆ ನನಗೇನೂ ಆಗುವುದಿಲ್ಲ ಎಂದು ಮನಸ್ಸಿನೊಳಗೆ ಒಂದು ಕಾವಲು ಹಾಕಿಕೊಂಡಿದ್ದಳು. ನೆಗಡಿಯಿಂದ ಹಿಡಿದು ಮಂಡಿಯವರೆಗೆ ಎಲ್ಲವನ್ನೂ ಆ ಕಾವಲಿಗೆ ಕೊಟ್ಟಿದ್ದಳು. ಗಡಿ ಕಾಯಲು ಹೋಗಿರಲಿಲ್ಲವಂತೆ!

ನನಗೆ ಭಾಷಣ ಬರುವುದಿಲ್ಲ. ಹೊಳೆದದ್ದನ್ನು ಹೇಳಿದೆ: "ನಾನಿಲ್ಲದಾಗ ಆಸ್ಪತ್ರೆಗೆ ಹೋದ್ರೆ ನಿನಗೆ ಎಡ, ಬಲ ಅಂತ ಯಾರು ಹೇಳ್ತಾರೆ?"

ನಾನು ತೆವಳಿಕೊಂಡೇ ಬಾಗಿಲ ಹಿಂದೆ ಹೋಗಿ, ಪೌಡರೂ ಇಲ್ಲದೆ ಚೀಲವೂ ಇಲ್ಲದೆ ಕಾಲು ಕಟ್ಟಿಕೊಂಡು ಬಂದು, ಭುಜ ಕೊಟ್ಟು ಅವಳನ್ನು ಎಬ್ಬಿಸಿದೆ. ನಿಂತು ಸೀರೆ ಸರಿಮಾಡಿಕೊಂಡವಳು ನೆಲ ನೋಡುತ್ತ, "ನೀವು ಹೀಗೇ ಗೀಚ್ತಾ ಇದ್ರೆ ನನ್ನ ನೆಲ ಉಳಿಯಲ್ಲ. ನಾಳೆ ಎಷ್ಟು ಗಂಟೆಗೆ ಹೊರಡೋದು?" ಎಂದಳು.

"ಆರಕ್ಕೆ."

"ಬಾಗಿಲು ತೆಗೆಯೋದು ಎಂಟೂವರೆಗೆ ಅಲ್ವೇನ್ರೀ?"

"ಬಾಟಲಿ ಇಡಬೇಕಲ್ಲ."

ಮರುದಿನ ಸಾಲಿನಲ್ಲಿ ಎರಡು ಬಾಟಲಿ ಇದ್ದವು, ನನ್ನದು ಹಿಂದೆ.

ಪೌಡರ್ ಒರೆಸಿ ಮುಗಿಯುವ ಹೊತ್ತಿಗೆ ಇಷ್ಟೆಲ್ಲ ಬಂದು ಹೋಯಿತು. ಗಿರಿಜ ಮಂಚದ ಅಂಚಿನಲ್ಲಿ ಹಾಗೇ ಕುಳಿತಿದ್ದಳು. ನಾನು ಕಾಲು ತೊಟ್ಟು, ಬೂಟಿನ ದಾರ ಬಿಗಿದು, ವಾಕರನ್ನು ಅವಳ ಮುಂದೆ ಇಟ್ಟೆ. ಆಮೇಲೆ ಎಲ್ಲಿ ನಿಲ್ಲಬೇಕೆಂದು ಒಂದು ಕ್ಷಣ ಗೊಂದಲವಾಯಿತು. ಕಾಲುಗಳು ಅಭ್ಯಾಸಬಲದಿಂದ ಅವಳನ್ನು ನನ್ನ ಎಡಕ್ಕೆ ಬಿಟ್ಟುಕೊಂಡು ನಿಂತವು. ನೋಡಿದರೆ ಅದೇ ಸರಿಯಾದ ಜಾಗ: ಅವಳ ಬಲ ಮಂಡಿಯ ಕಡೆ ನಾನು. ಉಸ್ತಾದ್ ಹೇಳಿದಂತೆ ಅರ್ಧ ಹೆಜ್ಜೆ ಮಾತ್ರ ಹಿಂದೆ ಸರಿದೆ.

ಅವಳು ನಿಂತಳು. ವಾಕರನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. "ಬೀಳ್ತೀನಿ ರೀ."

"ಭುಜ ಇಲ್ಲೇ ಇದೆ. ವಾಕರ್ ಮುಂದೆ ಇಡು. ಹ್ಞಾಂ. ಎಡ!"

ಅವಳು ಕದಲಲಿಲ್ಲ.

"ಎಡ!" ಎಂದೆ, ಇನ್ನೂ ಜೋರಾಗಿ. ಸೈನ್ಯದಲ್ಲಿ ಯಾವ ನಡಿಗೆಯೂ ಎಡಗಾಲಿನಿಂದಲೇ ಶುರು. ಬೇರೆ ಕಾಲೂ ಇದೆಯೆಂದು ನನಗೆ ತೋಚಲೇ ಇಲ್ಲ.

ಗಿರಿಜ ತಿರುಗಿ ನನ್ನ ಮುಖ ನೋಡಿದಳು. ಭಯ ಎಲ್ಲಿಗೆ ಹೋಯಿತೋ, ಅಡುಗೆಮನೆಯಲ್ಲಿ ನಾನು ತಪ್ಪು ಡಬ್ಬಿ ತೆಗೆದಾಗ ಬರುವ ಮುಖ ಬಂತು. "ಆಪರೇಷನ್ ಆದ ಕಾಲು ಮೊದಲು ಅಂತ ಆ ಹುಡುಗಿ ಎಷ್ಟು ಸಲ ಹೇಳಿದಳು? ನಿಮ್ಮ ಕಾಲನ್ನೇ ಕರೀತಿದ್ದೀರಲ್ಲ. ನಂದು ಬಲ!"

ಹೇಳಿದವಳೇ ಬಲಗಾಲು ಎತ್ತಿ ಇಟ್ಟಳು. "ಬಲ" ಎಂದಳು ತನಗೆ ತಾನೇ. "ಎಡ." ವಾಕರ್ ಮುಂದಕ್ಕೆ. "ಬಲ. ಎಡ. ಹೀಗೆ. ಗೊತ್ತಾಯ್ತಾ?" ಹಜಾರ ದಾಟುವಷ್ಟರಲ್ಲಿ ದನಿ ಜೋರಾಗಿತ್ತು, ಎದುರು ಮನೆಯವರು ಕಿಟಕಿ ತೆರೆದರು. ಗೇಟಿನ ಚಿಲಕ ಮುಟ್ಟಿ ನಿಂತಾಗ ನನ್ನ ಎರಡು ಕಾಲುಗಳೂ, ನೋವೇ ಇಲ್ಲದ್ದೂ ಸೇರಿ, ಅವಳ ಕೂಗಿಗೆ ಬಲದಿಂದಲೇ ಹೆಜ್ಜೆ ಹಾಕಿಕೊಂಡು ಬಂದದ್ದು ನನ್ನ ಗಮನಕ್ಕೆ ಬಂತು.

ರಾತ್ರಿ ಮಲಗುವ ಮುನ್ನ ಆಸ್ಪತ್ರೆಯ ಫೈಲ್ ಕಟ್ಟುತ್ತಿದ್ದಾಗ ಕೇಳಿದೆ, "ನಿನ್ನ ಕಾರ್ಡ್ ದೇವರ ಹತ್ರ ಇಡ್ಲಾ?"

"ಬೇಡ. ನಿಮ್ಮ ಕಾರ್ಡ್ ಪಕ್ಕದಲ್ಲೇ ಇರಲಿ" ಎಂದಳು ಕಣ್ಣು ಮುಚ್ಚಿಕೊಂಡೇ. "ಇನ್ನೂ ಎಡ ಮಂಡಿ ಇದೆಯಲ್ಲ."

ಹಾಗೇ ಇಟ್ಟೆ. ಆಮೇಲೆ ಕಾಲು ಬಿಚ್ಚಿ, ಒರೆಸಿ, ಬಾಗಿಲ ಹಿಂದೆ ಅದರ ಮಾಮೂಲಿ ಜಾಗದಿಂದ ಒಂದು ಗೇಣು ಆಚೆ ನಿಲ್ಲಿಸಿ, ಮಂಚಕ್ಕೆ ಹತ್ತಿರದ ಜಾಗವನ್ನು ಅವಳ ವಾಕರಿಗೆ ಬಿಟ್ಟುಕೊಟ್ಟೆ.