ಜೈಲಿನಿಂದ ಬಿಟ್ಟ ಮೇಲೆ ಉಚ್ಚಂಗೆಪ್ಪ

ಕೊಟ್ಟೂರಿನ ಬಸ್ ನಿಲ್ದಾಣದ ಗೋಡೆಗೆ ಒರಗಿಕೊಂಡು ಕೂತು ಉಚ್ಚಂಗೆಪ್ಪ ಬೀಗ ರಿಪೇರಿ ಮಾಡುತ್ತಿದ್ದ. ಕೀಲಿಕೈ ಕಳೆದರೆ ಜನ ಅವನನ್ನು ಮನೆಗೇ ಕರೆದೊಯ್ಯುತ್ತಿದ್ದರು. ಮಲಗುವ ಕೋಣೆಯ ಬೀರು, ದೇವರ ಕೋಣೆಯ ಪೆಟ್ಟಿಗೆ, ಯಾವುದಕ್ಕೂ ಅವನಿಗೆ ಅಡ್ಡಿಯಿರಲಿಲ್ಲ. ಕೆಲಸ ಮುಗಿದ ಮೇಲೆ ಮನೆಯವರು ಚಾ ಕೊಟ್ಟು ಮಾತಾಡಿಸಿ ಕಳಿಸುತ್ತಿದ್ದರು. ಅವನಿಗೆ ಆ ಮಾತೇ ಹೆಚ್ಚು ಇಷ್ಟ.

೧೯೯೮ರ ಬೇಸಿಗೆಯಲ್ಲಿ ಶೇಂಗಾ ವ್ಯಾಪಾರಿ ಬೆನಕಪ್ಪನ ಮನೆಯಲ್ಲಿ ಬಂಗಾರ ಕಳುವಾಯಿತು. ಬೀರು ಮುರಿದಿರಲಿಲ್ಲ, ಬೀಗಕ್ಕೆ ಗೀರೂ ಬಿದ್ದಿರಲಿಲ್ಲ. ಸಂಜೆಯೊಳಗೆ ಪೊಲೀಸರು ಬಂದು ಸಂತೆಯ ಜನ ನೋಡುತ್ತಿರುವಂತೆಯೇ ಉಚ್ಚಂಗೆಪ್ಪನನ್ನು ಜೀಪಿಗೆ ಹತ್ತಿಸಿದರು. ಅರ, ಸುತ್ತಿಗೆ, ಚಿಮ್ಮಟ ಎಲ್ಲವನ್ನೂ ಪಂಚನಾಮೆ ಮಾಡಿ ಚೀಲಕ್ಕೆ ತುಂಬಿಕೊಂಡರು.

"ಸಾಹೇಬ್ರ, ಆ ಬೀರೂದ ಕೀಲಿ ತಗೊಂಡು ಅವರ ಕಾರಿನ ಡ್ರೈವರ್ ಬಂದಿದ್ದ. ಸಾವ್ಕಾರ್ರು ಇನ್ನೊಂದು ಮಾಡಿಸ್ಕೊಂಡು ಬಾ ಅಂದಾರ ಅಂದ. ಮಾಡಿಕೊಟ್ಟೆ" ಎಂದು ಉಚ್ಚಂಗೆಪ್ಪ ಠಾಣೆಯಲ್ಲಿ ಹೇಳಿದ.

"ಡ್ರೈವರ್ ನಮ್ಮನಿ ಮಗ ಇದ್ದಂಗ ಅದಾನ" ಎಂದ ಅಲ್ಲೇ ಕೂತಿದ್ದ ಬೆನಕಪ್ಪ. ಅಲ್ಲಿಗೆ ಆ ಮಾತು ಮುಗಿಯಿತು.

ಮಾರನೆಯ ದಿನ ಕೂಡ್ಲಿಗಿಯ ನ್ಯಾಯಾಧೀಶರ ಮುಂದೆ ನಿಲ್ಲಿಸಿ ಅವನನ್ನು ಜೈಲಿಗೆ ಕಳಿಸಿದರು. ಕೆಲವು ದಿನ ಕಳೆದರೂ ಮಾಲು ಸಿಗಲಿಲ್ಲ, ಸಾಕ್ಷಿಯೂ ಹುಟ್ಟಲಿಲ್ಲ. ಕರೆದಾಗ ಬರುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟುಬಿಟ್ಟರು. ಹೊರಗೆ ಬಂದವನಿಗೆ ಕೇಸು ಮುಗಿಯಿತೋ ಇಲ್ಲವೋ ಎಂಬುದೇ ತಿಳಿಯಲಿಲ್ಲ. ಕೇಳೋಣವೆಂದರೆ ಮತ್ತೆ ಠಾಣೆಯ ಮೆಟ್ಟಿಲು ಹತ್ತುವ ಧೈರ್ಯವಿಲ್ಲ.

ಮನೆಗೆ ಬೀಗ ಹಾಕಿತ್ತು. ಹೆಂಡತಿ ನಾಗಲಿಂಗಮ್ಮ ಮಗಳನ್ನು ಕರೆದುಕೊಂಡು ಹೊಳಲಿನ ತವರಿಗೆ ಹೋಗಿದ್ದಳು. ಉಚ್ಚಂಗೆಪ್ಪ ಅಲ್ಲಿಗೆ ಹೋದಾಗ ಅವಳ ತಮ್ಮ ಬಾಗಿಲಲ್ಲೇ ಮಾತಾಡಿದ. "ಮಾವ, ಹುಡುಗೀಗೆ ವರ ನೋಡಾಕತ್ತೀವಿ. ಜನರ ಬಾಯಿ ಸುಮ್ನಾಗೋ ತನಕ ಇಲ್ಲೇ ಇರ್ಲಿ ಬಿಡ್ರಿ."

ನಾಗಲಿಂಗಮ್ಮ ಒಳಗಿನಿಂದ ನೀರು ತಂದುಕೊಟ್ಟಳು. "ಊಟ ಮಾಡಿ ಹೋಗ್ರಿ" ಎಂದಳು. ಅವನು ಊಟ ಮಾಡಿದ. ಆದರೆ ಬಾ ಎಂದು ಕರೆಯಲಿಲ್ಲ, ಅವಳೂ ಬರುತ್ತೇನೆ ಎನ್ನಲಿಲ್ಲ.

ಉಪಕರಣವಿಲ್ಲದೆ ಕೈ ಕಟ್ಟಿದಂತಾಗಿತ್ತು. ಯಾರೋ ಹೇಳಿದರೆಂದು ಕೂಡ್ಲಿಗಿಯ ವಕೀಲೆ ಸುಕನ್ಯಾ ಅವರ ಹತ್ತಿರ ಹೋದ. ಆಕೆ ಎದುರಿಗೆ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. "ಸಾಕ್ಷಿ ಸಾಲದು ಅಂತ ಬಿಟ್ಟಾರ. ಆದ್ರ ತನಿಖೆ ನಡದೈತಿ, ಕರದ್ರ ಹೋಗಬೇಕು. ಚಾರ್ಜ್‌ಶೀಟಿನಾಗ ನಿಮ್ಮ ಹೆಸರು ಬರಲಿಲ್ಲಂದ್ರ ನಿಮಗ ಕೇಸ್ ಇಲ್ಲ. ಸಾಮಾನಿಗೆ ಕೋರ್ಟಿನಾಗ ಅರ್ಜಿ ಹಾಕೋಣ, ಕೊಡ್ತಾರ."

"ಮೇಡಮ್ಮಾರ, ನನ್ನ ಹಿಡದಿದ್ದು ಅಳಿಸಿ ಹೋಗ್ತೈತೇನ್ರಿ?"

"ಹಿಡದಿದ್ದು ಠಾಣೆ ದಫ್ತರದಾಗ ಇರ್ತೈತಿ. ಹಿಡದಾರ ಅಂದ್ರ ತಪ್ಪು ಮಾಡಿದಂಗಲ್ಲ, ಅಷ್ಟು ತಿಳ್ಕೊಳ್ರಿ. ಬೆನಕಪ್ಪನ ಮ್ಯಾಲೆ ದಾವೆ ಹಾಕಬೇಕಂದ್ರ, ಅವನು ಬೇಕಂತಲೇ ಸುಳ್ಳು ಹೇಳ್ಯಾನ ಅಂತ ತೋರಿಸ್ಬೇಕಾಗ್ತೈತಿ."

"ಸುಳ್ಳು ಹೇಳಿಲ್ರಿ ಅವರು. ನನ್ನ ನಂಬಲಿಲ್ಲ ಅಷ್ಟ."

"ನಂಬಲಿಲ್ಲ ಅಂತ ದಾವೆ ಹಾಕಾಕ ಬರಂಗಿಲ್ಲಲ್ಲ."

ನ್ಯಾಯಾಲಯದ ಅಪ್ಪಣೆಯಾಗಿ ಉಪಕರಣಗಳು ಕೈಗೆ ಬಂದವು. ಅರಗಳಿಗೆಲ್ಲ ತುಕ್ಕು ಹಿಡಿದಿತ್ತು. ತಿಕ್ಕಿ ಎಣ್ಣೆ ಹಚ್ಚಿ ಮತ್ತೆ ಅದೇ ಗೋಡೆಯ ಬದಿಗೆ ಕೂತ. ಜನ ಬಸ್ಸಿಳಿದು ಅವನ ಮುಂದೆಯೇ ಹಾದುಹೋಗುತ್ತಿದ್ದರು. ಅವನಿಗೆ ಚಾ ಕೊಟ್ಟು ಮಾತಾಡಿಸಿದವರೂ ಬಸ್ಸಿನ ಬೋರ್ಡು ಓದುವವರಂತೆ ಮುಖ ಎತ್ತಿಕೊಂಡು ಹೋಗುತ್ತಿದ್ದರು. ರಿಪೇರಿಗೆ ಛತ್ರಿ, ಸ್ಟೋವು ಬರುತ್ತಿದ್ದವು. ಮನೆಗೆ ಬಾ ಎಂದು ಒಬ್ಬರೂ ಕರೆಯಲಿಲ್ಲ.

ಮಳೆಗಾಲ ಕಳೆದ ಮೇಲೆ ಒಬ್ಬ ಪೇದೆ ಬಂದು ಎಲ್ಲರೆದುರೇ ಸಮನ್ಸು ಕೊಟ್ಟ. ಎದುರಿನ ಚಾ ಅಂಗಡಿಯಲ್ಲಿದ್ದವರು ಕುತ್ತಿಗೆ ಚಾಚಿ ನೋಡಿದರು. ಉಚ್ಚಂಗೆಪ್ಪ ಅಂದೇ ಕೂಡ್ಲಿಗಿಯ ಬಸ್ಸು ಹಿಡಿದ. ಸುಕನ್ಯಾ ಅದನ್ನು ಓದಿ ನಕ್ಕರು. "ಹೆದರಬ್ಯಾಡ್ರಿ. ಡ್ರೈವರ್ ಹರಪನಹಳ್ಳ್ಯಾಗ ಬಂಗಾರ ಮಾರೋವಾಗ ಸಿಕ್ಕಾನ. ಚಾರ್ಜ್‌ಶೀಟು ಅವನ ಮ್ಯಾಲೆ ಐತಿ. ಕೀಲಿ ಮಾಡಿಕೊಟ್ಟಿದ್ದಕ್ಕ ನೀವು ಸಾಕ್ಷಿ."

ವಿಚಾರಣೆಯ ದಿನ ಜವಾನ ಹೊರಗೆ ಬಂದು ಅವನ ಹೆಸರನ್ನು ಗಟ್ಟಿಯಾಗಿ ಕೂಗಿದ. ಊರಿನವರು ಯಾರಾದರೂ ಕೇಳಿಸಿಕೊಂಡರೇನೋ ಎಂದು ಉಚ್ಚಂಗೆಪ್ಪ ಸುತ್ತ ನೋಡಿದ. ಜಗಲಿಯ ಮೇಲಿದ್ದವರೆಲ್ಲ ಗುಡೇಕೋಟೆ ಕಡೆಯವರು, ಯಾವುದೋ ಹೊಲದ ವ್ಯಾಜ್ಯಕ್ಕೆ ಬಂದವರು. ಕೊಟ್ಟೂರಿನವನು ಬೆನಕಪ್ಪನೊಬ್ಬನೇ. ಉಚ್ಚಂಗೆಪ್ಪ ಕಟಕಟೆಯಲ್ಲಿ ನಿಂತು ಠಾಣೆಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದ. ಈ ಸಲ ಅದನ್ನು ಬರೆದುಕೊಂಡರು. ಹೊರಗೆ ಬೆನಕಪ್ಪ ಎದುರಾಗಿ, "ಆಗಿದ್ದಾತು, ಮನಸಿನಾಗ ಇಟ್ಕಾಬ್ಯಾಡಪ್ಪ" ಎಂದು ಕಾರು ಹತ್ತಿದ. ಬಾ, ಊರಿಗೆ ಬಿಡುತ್ತೇನೆ ಎನ್ನಲಿಲ್ಲ.

ಸಾಕ್ಷಿ ಹೇಳಿ ಬಂದ ಮೇಲೂ ಕೊಟ್ಟೂರಿನಲ್ಲಿ ಯಾರೂ ಮನೆಗೆ ಕರೆಯದ್ದರಿಂದ ಮುಂದಿನ ವರ್ಷ ಉಚ್ಚಂಗೆಪ್ಪ ಹಗರಿಬೊಮ್ಮನಹಳ್ಳಿಗೆ ಹೋಗಿ ನೆಲೆಸಿದ. ಮಗಳ ಮದುವೆಯಾದ ಮೇಲೆ ನಾಗಲಿಂಗಮ್ಮ ಅಲ್ಲಿಗೆ ಬಂದಳು. ಇಬ್ಬರೂ ಆ ದಿನಗಳ ಮಾತೆತ್ತಲಿಲ್ಲ. ಒಂದು ಸಲ ಅವಳು ಬಾಯಿ ತೆರೆದಳು. ಅವನು ಎದ್ದು ನೀರು ಕುಡಿಯಲು ಹೋದ.

ಅಲ್ಲಿ ಅವನ ಕೆಲಸ ಚೆನ್ನಾಗಿ ನಡೆಯಿತು. ಒಂದು ಮಧ್ಯಾಹ್ನ ಶಾಲೆಯ ಮೇಡಂ ಒಬ್ಬರು ಕೀಲಿ ಕಳೆದುಕೊಂಡು ಅವನನ್ನು ಮನೆಗೆ ಕರೆದೊಯ್ದರು. ಅವನು ಹೊಸ್ತಿಲ ಹೊರಗೇ ನಿಂತ.

"ಒಳಗ ಬರ್ರಿ, ಬೀರು ಅಲ್ಲೈತಿ."

"ಪಕ್ಕದ ಮನಿಯವ್ರನ್ನ ಕರೀರಿ. ಅವರು ನೋಡ್ಲಿ, ಆಮ್ಯಾಲೆ ತೆಗೀತೀನಿ" ಎಂದ ಉಚ್ಚಂಗೆಪ್ಪ.

ಬೀರು ತೆರೆಯುವ ಹೊತ್ತಿಗೆ ಆಕೆ ಚಾ ಸೋಸಿದ್ದರು. ಅವನು ಬೇಡವೆಂದು ಕೈಮುಗಿದು ಬಿಸಿಲಿಗೆ ಇಳಿದ.